ಹಳಿಯ ದೂರ, ಲೆಕ್ಕದ ದೂರ: ಅಂಕೋಲಾ ನಿಲ್ದಾಣದ ಟಿಕೆಟು ದರ ಕುರಿತು ಒಂದು ಟಿಪ್ಪಣಿ

ಕೊಂಕಣ ರೈಲ್ವೆಯಲ್ಲಿ ಪ್ರತಿ ಪ್ರಯಾಣಕ್ಕೂ ಎರಡು ದೂರಗಳಿವೆ. ಗಾಡಿ ನಿಜವಾಗಿ ಓಡುವ ದೂರ ಒಂದು, ಟಿಕೆಟಿನ ದರ ಕಟ್ಟಲು ಹಿಡಿಯುವ ದೂರ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಶೇಕಡಾ 40ರಷ್ಟು ಹೆಚ್ಚು. ಈ ಟಿಪ್ಪಣಿಯಲ್ಲಿ ಮೊದಲನೆಯದನ್ನು ಹಳಿಯ ದೂರ ಎಂದೂ ಎರಡನೆಯದನ್ನು ಲೆಕ್ಕದ ದೂರ ಎಂದೂ ಕರೆಯುತ್ತೇನೆ. ರೋಹಾದಿಂದ ತೋಕೂರಿನವರೆಗೆ ಹಳಿಯ ದೂರ 741 ಕಿ.ಮೀ.; ಲೆಕ್ಕದಲ್ಲಿ ಅದು ಸುಮಾರು 1037 ಕಿ.ಮೀ. ಆಗುತ್ತದೆ. ಅಂಕೋಲಾ ಹತ್ತಿರದ ಶೆಟಗೇರಿಯಂಥ ಊರಿನಿಂದ ನಿಲ್ದಾಣಕ್ಕೆ ಬಂದು ಗಾಡಿ ಹತ್ತುವವರ ಮೇಲೆ ಈ ಹೆಚ್ಚುವರಿ ದೂರ ಹೇಗೆ ಬೀಳುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಹೆಚ್ಚುವರಿ ದೂರಕ್ಕೆ ಕಾರಣವಿಲ್ಲದೆ ಇಲ್ಲ. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮವು ವಲಯ ರೈಲ್ವೆಯಲ್ಲ, ಕಂಪನಿ. ಇದರ ಬಂಡವಾಳದಲ್ಲಿ ಕೇಂದ್ರದ ಪಾಲು ಶೇಕಡಾ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6 ಎಂದು ಹಂಚಿಕೆಯಾಯಿತು. ಉಳಿದ ಹಣವನ್ನು ಹೆಚ್ಚಾಗಿ ಬಾಂಡುಗಳ ಮೂಲಕ ಮಾರುಕಟ್ಟೆಯಿಂದ ಸಾಲವಾಗಿ ಎತ್ತಲಾಯಿತು. ಸಹ್ಯಾದ್ರಿಯ ಬುಡದಲ್ಲಿ 90ಕ್ಕೂ ಹೆಚ್ಚು ಸುರಂಗ ಕೊರೆದು, ಸುಮಾರು 2000 ಸೇತುವೆ ಕಟ್ಟಿ ಹಾಕಿದ ದಾರಿ ಇದು. ಇಡೀ ಮಾರ್ಗದ ಅತಿ ಉದ್ದದ ಸೇತುವೆ ನಮ್ಮ ಉತ್ತರ ಕನ್ನಡ ಜಿಲ್ಲೆಯದೇ: ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮೀರಿದ್ದು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯುವ ಹೊತ್ತಿಗೆ ನಿಗಮದ ತಲೆಯ ಮೇಲೆ ಬಡ್ಡಿಯ ಹೊರೆ ದೊಡ್ಡದಿತ್ತು. ಅದನ್ನು ದರದಿಂದಲೇ ತೀರಿಸಬೇಕಿತ್ತು.

ದೂರದ ಪ್ರಯಾಣಿಕನ ಮಟ್ಟಿಗೆ ಈ ಏರ್ಪಾಡು ಅನ್ಯಾಯವೆಂದು ನನಗೆ ತೋರುವುದಿಲ್ಲ. ಕೊಂಕಣ ಮಾರ್ಗ ಬರುವ ಮೊದಲು ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ 2041 ಕಿ.ಮೀ. ಸುತ್ತಬೇಕಿತ್ತು, ಈಗ 914 ಕಿ.ಮೀ. ಈ 914ರಲ್ಲಿ ಕೊಂಕಣ ರೈಲ್ವೆಯ 741 ಕಿ.ಮೀ.ಗೆ ಶೇಕಡಾ 40 ಸೇರಿಸಿದರೂ ಲೆಕ್ಕದ ದೂರ 1210ರ ಆಸುಪಾಸು. ಹಳೆಯ ಸುತ್ತುದಾರಿಗೆ ಹೋಲಿಸಿದರೆ ಇನ್ನೂ 830 ಕಿ.ಮೀ. ಕಡಿಮೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಬರುವ ಕರಾವಳಿಯವನಿಗೆ ಸಮಯವೂ ಉಳಿಯಿತು, ಹಣವೂ ಉಳಿಯಿತು. ಉಳಿದದ್ದರಲ್ಲಿ ಒಂದು ಪಾಲನ್ನು ನಿಗಮ ಕೇಳಿದರೆ ಅದು ಒಪ್ಪುವಂಥ ಮಾತು. ಇದಲ್ಲದೆ ರೈಲಿನ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಇಳಿಯುತ್ತ ಹೋಗುತ್ತದೆ. ಹಾಗಾಗಿ ದೂರ ಶೇಕಡಾ 40 ಹಿಗ್ಗಿದರೂ ಉದ್ದನೆಯ ಪ್ರಯಾಣದ ದರ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ.

ಅಂಕೋಲಾದಿಂದ ಭಟ್ಕಳಕ್ಕೋ ಮಡಗಾಂವಕ್ಕೋ ಹೋಗುವವನ ಕತೆ ಬೇರೆ. ಅವನಿಗೆ ಹಿಂದೆ ಯಾವ ಸುತ್ತುದಾರಿಯ ರೈಲೂ ಇರಲಿಲ್ಲ. ಅವನು ಕಿಲೋಮೀಟರು ಉಳಿಸಲಿಲ್ಲ; ಬಸ್ಸಿನ ಬದಲು ಗಾಡಿ ಹತ್ತಿದ, ಅಷ್ಟೆ. ಉಳಿಸದ ದೂರಕ್ಕೆ ಅವನೂ ಅದೇ ಶೇಕಡಾ 40 ತೆರುತ್ತಾನೆ. ದರದ ನಿಯಮಗಳನ್ನು ಓದುತ್ತ ಹೋದಾಗ ನನಗೆ ಸಿಕ್ಕ ಮುಖ್ಯ ಅಂಶ ಇದು: ಮಾರ್ಗದ ಲಾಭ ಎರಡು ತುದಿಗಳ ಊರಿನವರಿಗೆ ಹೆಚ್ಚು, ಹೆಚ್ಚುವರಿ ದೂರ ಮಾತ್ರ ನಡುವಿನವರಿಗೂ ಸಮಾನ.

ಆದರೂ ಈ ಹೊರೆ ಎಲ್ಲ ಪ್ರಯಾಣದಲ್ಲೂ ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ದರ್ಜೆಯ ಸಾಮಾನ್ಯ ಟಿಕೆಟಿಗೆ ಕನಿಷ್ಠ ದರ 10 ರೂಪಾಯಿ. ಅಂಕೋಲಾದಿಂದ ಹಾರವಾಡಕ್ಕೋ ಗೋಕರ್ಣ ರೋಡಿಗೋ ಹೋಗುವವರ ದೂರವನ್ನು ಹಿಗ್ಗಿಸಿದರೂ ಅದು ಈ ಕನಿಷ್ಠ ದರದೊಳಗೇ ಮುಗಿದುಹೋಗುತ್ತದೆ. ದರವನ್ನು 5 ರೂಪಾಯಿಯ ಗುಣಕಕ್ಕೆ ಮೇಲೇರಿಸುವ ಪದ್ಧತಿಯೂ ಸಣ್ಣ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ನಿಜವಾದ ಭಾರ ಬೀಳುವುದು ನಡುವಣ ದೂರಕ್ಕೆ: ಆಸ್ಪತ್ರೆಗೆಂದು, ಕಾಲೇಜಿಗೆಂದು ಉಡುಪಿ ಜಿಲ್ಲೆಯ ಕಡೆ ಹೋಗುವವರಿಗೆ, ಕೆಲಸಕ್ಕೆಂದು ಗೋವಾಕ್ಕೆ ಹೋಗುವವರಿಗೆ.

ದರ ಪರಿಷ್ಕರಣೆಯ ಆದೇಶಗಳನ್ನು ಈ ಕಣ್ಣಿನಿಂದ ನೋಡಿದರೆ ಬೇರೆಯೇ ಅರ್ಥ ಹೊರಡುತ್ತದೆ. 2025ರ ಜುಲೈ 1ರಿಂದ ಜಾರಿಗೆ ಬಂದ ಏರಿಕೆಯಲ್ಲಿ ಸಾಮಾನ್ಯ ಎರಡನೆಯ ದರ್ಜೆಗೆ 500 ಕಿ.ಮೀ.ವರೆಗೆ ವಿನಾಯಿತಿ ಇತ್ತು. ಅದೇ ವರ್ಷ ಡಿಸೆಂಬರ್ 26ರ ಏರಿಕೆಯಲ್ಲಿ ವಿನಾಯಿತಿಯ ಗಡಿ 215 ಕಿ.ಮೀ.ಗೆ ಇಳಿಯಿತು. ಎರಡೂ ಬಡವರಿಗೆ ತಟ್ಟದ ಏರಿಕೆ ಎಂಬಂತೆ ಮೇಲ್ನೋಟಕ್ಕೆ ಕಾಣುತ್ತವೆ. ಆದರೆ ಲೆಕ್ಕದ ದೂರದ 215 ಕಿ.ಮೀ. ಕೊಂಕಣ ಮಾರ್ಗದ ಹಳಿಯ ಮೇಲೆ ಕೇವಲ 153 ಕಿ.ಮೀ. ಬಯಲುಸೀಮೆಯಲ್ಲಿ ಅಷ್ಟೇ ದೂರ ಹೋಗುವವನು ವಿನಾಯಿತಿಯೊಳಗೆ ಆರಾಮಾಗಿ ಉಳಿಯುತ್ತಾನೆ. ಕರಾವಳಿಯವನು ಗಡಿಯ ಅಂಚಿಗೆ ಬಂದು ನಿಲ್ಲುತ್ತಾನೆ. ಕಾಯ್ದಿರಿಸದ ಟಿಕೆಟಿನ ಅವಧಿಯ ನಿಯಮವೂ ದೂರವನ್ನೇ ನೆಚ್ಚಿದೆ. 2016ರ ಮಾರ್ಚ್ 1ರಿಂದ 199 ಕಿ.ಮೀ.ವರೆಗಿನ ಟಿಕೆಟು ಕೊಂಡವರು ಮೂರು ಗಂಟೆಯೊಳಗೆ, ಅಥವಾ ಆ ಊರಿಗೆ ಹೋಗುವ ಮೊದಲ ಗಾಡಿ ಹೊರಡುವಷ್ಟರಲ್ಲಿ ಪ್ರಯಾಣ ಆರಂಭಿಸಬೇಕು. 200 ದಾಟಿದರೆ ಮೂರು ದಿನ ಮುಂಚಿತವಾಗಿಯೂ ಕೊಳ್ಳಬಹುದು. ಇಲ್ಲಿಯೂ ಲೆಕ್ಕದ ದೂರವನ್ನೇ ಹಿಡಿದರೆ 143 ಕಿ.ಮೀ. ಹಳಿಯ ದೂರವೇ 200 ದಾಟಿಬಿಡುತ್ತದೆ. ಹಿಗ್ಗಿದ ದೂರದಿಂದ ಪ್ರಯಾಣಿಕನಿಗೆ ಅನುಕೂಲವಾಗುವ ಅಪರೂಪದ ಜಾಗ ಇದು.

ಕೋವಿಡ್ ಕಾಲದ ಅನುಭವವನ್ನೂ ಇಲ್ಲಿ ದಾಖಲಿಸಬೇಕು. ಪ್ಯಾಸೆಂಜರ್ ಗಾಡಿಗಳನ್ನು ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಕೊಟ್ಟು ವಿಶೇಷ ಗಾಡಿಗಳೆಂದು ಓಡಿಸಿದಾಗ ಕನಿಷ್ಠ ದರ 10ರಿಂದ 30ಕ್ಕೆ ಜಿಗಿಯಿತು. ಅದೇ ಬೋಗಿ, ಅದೇ ನಿಲುಗಡೆ, ಮೂರು ಪಟ್ಟು ದರ. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿ ಕೊನೆಗೆ. ಈ ನಡುವೆ, 2023ರ ಜೂನ್ 11ರಿಂದ, ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡೇ ಇಲ್ಲವಾಯಿತು. ಕೊಂಕಣ ರೈಲ್ವೆಯ ಹಲವು ನಿಲ್ದಾಣಗಳು ಪೇಟೆಯಿಂದ ದೂರ, ಕಾರವಾರದ್ದಂತೂ ಶಿರವಾಡದಲ್ಲಿದೆ. ರಿಕ್ಷಾದವನಿಗೆ ಕೊಡುವ ದುಡ್ಡು ಗಾಡಿಯ ಟಿಕೆಟನ್ನು ಮೀರಿಸುವಾಗ, ಪೇಟೆಯ ನಡುವೆ ಇಳಿಸುವ ಉಚಿತ ಬಸ್ಸನ್ನು ಬಿಟ್ಟು ಯಾವ ಹೆಂಗಸು ತರಕಾರಿ ಬುಟ್ಟಿ ಹೊತ್ತು ನಿಲ್ದಾಣಕ್ಕೆ ನಡೆದಾಳು? ಇತ್ತ ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ, ಗಂಡಸರಿಗೆ ಶೇಕಡಾ 40, ಹೆಂಗಸರಿಗೆ 50, 2020ರ ಮಾರ್ಚಿನಲ್ಲಿ ನಿಂತದ್ದು ಮರಳಿ ಬಂದಿಲ್ಲ.

ಇನ್ನು ಕಾನೂನಿನ ಮಾತು. 1989ರ ರೈಲ್ವೆ ಕಾಯ್ದೆಯ 30ನೆಯ ಕಲಮಿನಂತೆ ದರ ನಿಗದಿ ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು. ಇಡೀ ರೈಲ್ವೆಗೆ ಅಥವಾ ಅದರ ಒಂದು ಭಾಗಕ್ಕೆ ಬೇರೆಯಾಗಿ ಆದೇಶ ಹೊರಡಿಸಬಹುದು. ಒಂದು ಮಾರ್ಗಕ್ಕೆ ಮಾತ್ರ ದೂರವನ್ನು ಹಿಗ್ಗಿಸಲು ಆ ಕಲಮಿನಲ್ಲಿ ಜಾಗವಿದೆ. ದರ ಅತಿಯಾಯಿತೆಂದು ದೂರು ಒಯ್ಯಲು ನ್ಯಾಯಮಂಡಳಿ ಇದೆ: 2017ರವರೆಗೆ ರೈಲ್ವೆ ದರ ನ್ಯಾಯಮಂಡಳಿ, ಆಮೇಲೆ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿ. ಆದರೆ ಪ್ರಯಾಣಿಕರ ದರ ನಿಗದಿಯನ್ನು 37ನೆಯ ಕಲಮು ಅದರ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಸರಕು ಕಳಿಸುವ ವ್ಯಾಪಾರಿಗೆ ತೆರೆದ ಬಾಗಿಲು ಪ್ರಯಾಣಿಕನಿಗೆ ಮುಚ್ಚಿದೆ. ತಪ್ಪಿದವನಿಗೆ ದಂಡದ ಕಲಮು ಮಾತ್ರ ಸ್ಪಷ್ಟ: ಟಿಕೆಟಿಲ್ಲದೆ ಸಿಕ್ಕಿಬಿದ್ದರೆ ದರದ ಜೊತೆಗೆ ಕನಿಷ್ಠ 250 ರೂಪಾಯಿ. ಎಲ್ಲಿ ಹತ್ತಿದ್ದೆಂದು ತೋರಿಸಲಾಗದಿದ್ದರೆ, ನಡುವೆ ಟಿಕೆಟು ತಪಾಸಣೆಯೂ ಆಗಿರದಿದ್ದರೆ, ಗಾಡಿ ಹೊರಟ ನಿಲ್ದಾಣದಿಂದಲೇ ದರ ಎಣಿಸುತ್ತಾರೆ. ಮಡಗಾಂವದಿಂದ ಹೊರಟ ಗಾಡಿಯನ್ನು ಅಂಕೋಲಾದಲ್ಲಿ ಹತ್ತಿ ಕುಮಟೆಯಲ್ಲಿ ಸಿಕ್ಕವನು ಮಡಗಾಂವದಿಂದ ಬಂದವನಾಗುತ್ತಾನೆ, ಅದೂ ಹಿಗ್ಗಿದ ದೂರದಲ್ಲಿ.

49ನೆಯ ಕಲಮು ಇನ್ನೊಂದು ಹೊಣೆ ಹೊರಿಸುತ್ತದೆ. ಪ್ರತಿ ನಿಲ್ದಾಣದಲ್ಲೂ ಗಾಡಿಗಳ ವೇಳೆಯನ್ನೂ ದರದ ಪಟ್ಟಿಯನ್ನೂ ಹಿಂದಿ, ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲಿ ಎದ್ದು ಕಾಣುವಂತೆ ಹಚ್ಚಬೇಕು. ದರ ಹೇಳಿದರೆ ಸಾಕು, ಅದು ಯಾವ ದೂರದ ಮೇಲೆ ಬಂತೆಂದು ಹೇಳಬೇಕೆಂದು ಕಾಯ್ದೆ ಕೇಳುವುದಿಲ್ಲ. ಎರಡು ದೂರಗಳನ್ನೂ ಒಂದೇ ಪಟ್ಟಿಯಲ್ಲಿ ಅಚ್ಚು ಮಾಡಿಸಲು ಹೊಸ ಕಾನೂನೇನೂ ಬೇಕಿಲ್ಲ.

ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಪ್ರಸ್ತಾಪಕ್ಕೆ 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ಒಪ್ಪಿಗೆ ಕೊಟ್ಟಿತು. ಚರ್ಚೆಯೆಲ್ಲ ಜೋಡಿಹಳಿ, ನೌಕರರು, ಪಾಲುಬಂಡವಾಳ ಇವುಗಳ ಸುತ್ತಲೇ ನಡೆದಿದೆ. ವಿಲೀನವಾದ ಮಾತ್ರಕ್ಕೆ ಲೆಕ್ಕದ ದೂರ ತಾನಾಗಿ ಕರಗುವುದಿಲ್ಲ, ಅದಕ್ಕೆ ಪ್ರತ್ಯೇಕ ಆದೇಶವೇ ಬೇಕು. ಕರ್ನಾಟಕ ಸರ್ಕಾರ ತನ್ನ ಪಾಲನ್ನು ಬಿಟ್ಟುಕೊಡುವಾಗ ಈ ಆದೇಶವನ್ನೂ ಷರತ್ತುಗಳಲ್ಲಿ ಸೇರಿಸಬಹುದು. ಮುಂದೆ ಎಂದಾದರೂ ಸುಮಾರು 164 ಕಿ.ಮೀ.ಗಳ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ತಕರಾರುಗಳನ್ನು ದಾಟಿ ಬಂದರೆ, ಈ ಪ್ರಶ್ನೆ ಇನ್ನಷ್ಟು ವಿಚಿತ್ರವಾಗುತ್ತದೆ. ಅಂಕೋಲಾದ ಒಂದೇ ಕಿಟಕಿಯಲ್ಲಿ ಹುಬ್ಬಳ್ಳಿಗೆ ಹಳಿಯ ದೂರದ ಟಿಕೆಟು, ಹೊನ್ನಾವರಕ್ಕೆ ಲೆಕ್ಕದ ದೂರದ ಟಿಕೆಟು ಕೊಡಬೇಕಾಗಬಹುದು.