ಎರಡು ಸೆಪ್ಟೆಂಬರ್ 27: ಐಕ್ಯಬೋಧೆಯ ಪೂರ್ವಕಥೆ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಿಂದ ಹೊರಟು ಹರಿಹರದಲ್ಲಿ ತುಂಗಭದ್ರೆಯನ್ನು ದಾಟುವವನಿಗೆ, ಒಂದು ಕಾಲದ ರಾಜ್ಯಸೀಮೆಯನ್ನೇ ತಾನು ದಾಟುತ್ತಿರುವೆನೆಂಬ ಅರಿವು ಇಂದು ಉಂಟಾಗುವುದಿಲ್ಲ. ಹೊಳೆಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಪೂರ್ವದಲ್ಲಿ ಮದರಾಸು ಪ್ರಾಂತದ ಬಳ್ಳಾರಿ. ಹೀಗೆ ಒಂದೇ ನುಡಿಯ ಜನರು ಮೂರು ಸರಕಾರಗಳ ಪ್ರಜೆಗಳಾಗಿದ್ದರು. 1868ರಲ್ಲಿ ಮುಗಿದ ಹದಿನಾಲ್ಕು ಕಮಾನುಗಳ ಸೇತುವೆಯು ದಾರಿಯನ್ನು ಕೂಡಿಸಿತೇ ಹೊರತು ಆಡಳಿತವನ್ನು ಕೂಡಿಸಲಿಲ್ಲ. ಆ ಗೆರೆಯು ಅಳಿದುದು 1956ರ ನವೆಂಬರ್ 1ರಂದು; ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದವರ ಹೆಸರನ್ನೇ ಆ ಬಡಾವಣೆ ಹೊತ್ತಿದೆ.

ಕ್ರೈಸ್ತ ಮಿಷನ್ನುಗಳ ನಕ್ಷೆಯೂ ಬಹುಮಟ್ಟಿಗೆ ಇದೇ ಗೆರೆಗಳನ್ನು ಅನುಸರಿಸಿದ್ದಿತು. ಪರಸ್ಪರ ಸ್ಪರ್ಧೆಯಾಗದಿರಲೆಂದು ಅವು ನಾಡನ್ನು ತಮ್ಮೊಳಗೆ ಹಂಚಿಕೊಂಡುದರಿಂದ ಮೈಸೂರು ಸೀಮೆ ಪ್ರಧಾನವಾಗಿ ವೆಸ್ಲಿಯನ್ ಮಿಷನ್ನಿಗೂ, ಧಾರವಾಡದ ಕಡೆ ಬಾಸೆಲ್ ಮಿಷನ್ನಿಗೂ, ಬಳ್ಳಾರಿ ಲಂಡನ್ ಮಿಷನ್ನಿಗೂ ಸೇರಿದವು. ಇಂಗ್ಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ಹುಟ್ಟಿದ ಭೇದಗಳು ಕನ್ನಡದ ಮಕ್ಕಳ ಪ್ರಶ್ನೋತ್ತರ ಪಾಠಗಳೊಳಗೆ ಇಳಿದು, ಹೊಳೆಯ ಒಂದು ದಡದ ಕೂಸು ಕಲಿತ ಉತ್ತರ ಮತ್ತೊಂದು ದಡದ ಕೂಸಿನದಕ್ಕಿಂತ ಬೇರೆಯಾಯಿತು. ಇದು ಕನ್ನಡಿಗರು ಹೂಡಿದ ಜಗಳವಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ಅಜರಯ್ಯನವರೇ ಮೊದಲಾಗಿ ನೆರೆದ ಬೋಧಕರು, ಬಹುತೇಕ ಎಲ್ಲರೂ ಭಾರತೀಯರು, ನೊಂದು ನುಡಿದುದು ಈ ಮಾತನ್ನೇ: ಈ ಒಡಕುಗಳನ್ನು ನಾವು ಮಾಡಲಿಲ್ಲ, ಇವು ಹೊರಗಿನಿಂದ ನಮ್ಮ ಮೇಲೆ ಹೊರಿಸಲ್ಪಟ್ಟವು.

ಐಕ್ಯವು ಮೊದಲು ಮೊಳೆತುದು ಆರಾಧನೆಯಲ್ಲಲ್ಲ, ಓದಿನಲ್ಲಿ ಎಂದು ನನಗೆ ತೋರುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಗೊಂಡ ಅನುವಾದದಿಂದ 1831ರ ವೇಳೆಗೆ ಸಂಪೂರ್ಣ ಬೈಬಲ್ಲು ಕನ್ನಡದಲ್ಲಿ ದೊರೆತುದರಿಂದ, ಪ್ರಶ್ನೋತ್ತರಗಳು ಬೇರೆಯಾದರೂ ಮೂಲಗ್ರಂಥವು ಒಂದೇ ನುಡಿಯಲ್ಲಿ ಎಲ್ಲರ ಕೈಗೆ ಎಟುಕಿತು. 1910ರಲ್ಲಿ ಲಂಡನ್, ವೆಸ್ಲಿಯನ್ ಮೊದಲಾದ ಮಿಷನ್ನುಗಳು ಒಡಗೂಡಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದ ಮೇಲೆ, ಬೋಧಕರಾಗತಕ್ಕವರು ಒಂದೇ ಗುರುವಿನ ಮುಂದೆ ಕುಳಿತು ಕಲಿತರು. ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್ಲಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಮೈಸೂರಿಗೆ ಪ್ರಥಮ ಬಿಷಪ್ಪರಾದವರು ಪಿ. ಗುರುಶಾಂತರು. ಬಿಷಪ್ಪರನ್ನೇ ಒಪ್ಪದಿದ್ದವರೂ ಬಿಷಪ್ಪರಿಲ್ಲದ ಸಭೆಯನ್ನು ಕಲ್ಪಿಸಲಾರದವರೂ ಕೂಡಿದ ಈ ಸಂಯೋಗವು, ಹೊಯ್ಸಳ ದಂಡನಾಯಕ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯನ್ನು ಕಂಡು ಬೆಳೆದವರಿಗೆ ಅಪರಿಚಿತವೆನಿಸದು. ಅಲ್ಲಿಯ ಮೂರ್ತಿಯಲ್ಲಿ ಹರನೂ ಅಳಿದಿಲ್ಲ, ಹರಿಯೂ ಅಳಿದಿಲ್ಲ.

ಕಥೋಲಿಕರು ಈ ಐಕ್ಯದ ಹೊರಗಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಐಕ್ಯವನ್ನು ಕುರಿತು ಶಾಸನವಿತ್ತ ಮೇಲೆ ಆ ಬಾಗಿಲೂ ತೆರೆಯಿತು. 1967ರಲ್ಲಿ ಪಾದ್ರಿ ಅಮಲೋರ್‌ಪವದಾಸರು ಬೆಂಗಳೂರಿನಲ್ಲಿ ಆರಂಭಿಸಿದ ಕಥೋಲಿಕರ ರಾಷ್ಟ್ರೀಯ ಕೇಂದ್ರವು ಧರ್ಮೋಪದೇಶದ ಬೋಧನಕ್ರಮವನ್ನೇ ಹೊಸದಾಗಿ ಯೋಚಿಸಿತು. ಈಗ ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಐಕ್ಯಕ್ಕಾಗಿ ಪ್ರಾರ್ಥನೆಯ ಸಪ್ತಾಹ ನಡೆಯುತ್ತದೆ. 2013ರ ಸಪ್ತಾಹದ ಪಾಠಗಳನ್ನು ಜಗತ್ತಿಗೆಲ್ಲ ಸಿದ್ಧಪಡಿಸಿಕೊಟ್ಟುದು ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ. ದಲಿತರಿಗಾಗುವ ಅನ್ಯಾಯವನ್ನು ಬದಿಗಿರಿಸಿ ಐಕ್ಯವನ್ನು ಬೇಡುವಂತಿಲ್ಲವೆಂದು ಅದು ನಿಷ್ಠುರವಾಗಿ ಹೇಳಿತು. ಸಭೆಯೊಳಗೂ ಜಾತಿ ಉಳಿದಿರುವ ನಾಡಿನಿಂದ ಅದಕ್ಕಿಂತ ಯೋಗ್ಯವಾದ ಪಾಠವು ಹೊರಡುವುದು ಸಾಧ್ಯವಿರಲಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಈ ಇತಿಹಾಸವು ಮಂಗಳಕರವಾಗಿ ಮುಗಿಯುತ್ತದೆ. ಆದರೆ ಸೆಪ್ಟೆಂಬರ್ 27ಕ್ಕೆ ಮತ್ತೊಂದು ಚರಿತ್ರೆಯಿದೆ. 1933ರಲ್ಲಿ ಅದೇ ದಿನ, ಲೂಥರನ ವಿಟ್ಟೆನ್‌ಬರ್ಗ್ ನಗರದಲ್ಲಿ, ಹಿಟ್ಲರನ ಬೆಂಬಲವಿದ್ದ ಲುಡ್ವಿಗ್ ಮ್ಯೂಲರನು ಜರ್ಮನಿಯ ಇಪ್ಪತ್ತೆಂಟು ಪ್ರಾಂತೀಯ ಸಭೆಗಳನ್ನು ಕೂಡಿಸಿದ ಏಕಸಭೆಗೆ ಮಹಾಬಿಷಪ್ಪನಾಗಿ ಆಯ್ಕೆಯಾದನು. ಅದೂ ಐಕ್ಯವೇ! ಆ ತಿಂಗಳಲ್ಲಿಯೇ ಪ್ರಷ್ಯದ ಸಭಾಸಮ್ಮೇಳನವು ಯೆಹೂದ್ಯ ರಕ್ತದವರು ಬೋಧಕರಾಗಿರಕೂಡದೆಂದು ನಿಯಮ ಮಾಡಿದ್ದಿತು. ನೆರೆಯವನನ್ನು ಹೊರದೂಡಿ ಒಂದಾದ ಆ ಸಭೆಯ ನಾಡಿನಿಂದಲೇ ಅರುವತ್ತು ಲಕ್ಷ ಯೆಹೂದ್ಯರ ಸಂಹಾರವು ನಡೆಯಿತು. ಹದಿನಾಲ್ಕು ವರ್ಷಗಳ ಅಂತರದ ಈ ಎರಡು ದಿನಗಳನ್ನು ಒಟ್ಟಿಗೆ ಇರಿಸದೆ ಐಕ್ಯವನ್ನು ಬೋಧಿಸಿದರೆ, ಕೂಡುವುದೆಲ್ಲವೂ ಪುಣ್ಯವೆಂದೇ ಮಕ್ಕಳು ತಿಳಿಯುವರು.

ಕನ್ನಡದ ಕ್ರೈಸ್ತ ಬಾಲಕನಿಗೆ ಯೆಹೂದ್ಯ ನೆರೆಯವನಿಲ್ಲ. ಅವನು ಆ ಜನರನ್ನು ಕಾಣುವುದು ಶುಭ ಶುಕ್ರವಾರದ ವಾಚನದಲ್ಲಿ, ಶಿಲುಬೆಗೆ ಹಾಕಿಸೆಂದು ಕೂಗುವ ಗುಂಪಾಗಿ ಮಾತ್ರ. ಯೇಸುವಿನ ಮರಣದ ಅಪರಾಧವನ್ನು ಆ ಜನಾಂಗದ ಮೇಲೆ ಹೊರಿಸಲಾಗದೆಂದು ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಘೋಷಿಸಿದುದನ್ನು ಆ ವಾಚನದ ಜೊತೆಗೇ ಹೇಳದಿದ್ದರೆ, ಯುರೋಪಿನಲ್ಲಿ ಶತಮಾನಗಳ ಕಾಲ ವಿಷವಾದ ಬೀಜವನ್ನು ಅರಿಯದೆಯೇ ಇಲ್ಲಿಯೂ ಬಿತ್ತಿದಂತಾಗುತ್ತದೆ. ಮೊಗ್ಲಿಂಗನ 1843ರ ‘ಮಂಗಳೂರ ಸಮಾಚಾರ’ವನ್ನೂ ಕಿಟೆಲ್ಲನ 1894ರ ನಿಘಂಟನ್ನೂ ಜರ್ಮನಿಯ ಮಕ್ಕಳಿಂದ ಕೃತಜ್ಞತೆಯೊಡನೆ ಪಡೆದ ನಾವು, ಆ ನಾಡಿನ ಈ ದುರಂತವನ್ನು ದೂರದ ಸಂಗತಿಯೆಂದು ಬಿಡಲಾಗದು.

ದೂರದ ಸಂಗತಿಯಾದರೂ ಹೇಗೆ? ಯೆಹೂದ್ಯ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಗೋಟಿಂಗೆನ್ನಿನ ಪೀಠವನ್ನು ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರು, ಸಿ. ವಿ. ರಾಮನ್ನರ ಆಹ್ವಾನದ ಮೇರೆಗೆ 1935–36ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರ ಸೋದರಳಿಯ ಒಟ್ಟೊ ಕೋನಿಗ್ಸ್‌ಬರ್ಗರ್ ಬರ್ಲಿನನ್ನು ತೊರೆದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ದಾವಣಗೆರೆ ಹರಿಹರಗಳೂ ಆ ಸಂಸ್ಥಾನದ ಊರುಗಳೇ ಅಲ್ಲವೆ? ಹಿಟ್ಲರನನ್ನು ಎದುರಿಸಿದ ಬೋಧಕ ಡೀಟ್ರಿಶ್ ಬಾನ್‌ಹೋಫರನಿಗೆ ತಮ್ಮ ಆಶ್ರಮಕ್ಕೆ ಬರುವಂತೆ ಗಾಂಧೀಜಿ 1934ರ ನವೆಂಬರಿನಲ್ಲಿ ಪತ್ರ ಬರೆದಿದ್ದರು. ಅವನಿಗೆ ಬರಲಾಗಲಿಲ್ಲ, 1945ರ ಏಪ್ರಿಲ್ 9ರಂದು ಗಲ್ಲಿಗೇರಿದನು. ಪೀಡಿತನು ತನ್ನವನಲ್ಲದಿದ್ದರೂ ಅವನ ಋಣವು ಸಭೆಯ ಮೇಲಿದೆಯೆಂದು 1933ರಲ್ಲಿಯೇ ಬರೆದವನು ಅವನು.

ಐಕ್ಯದ ಸಪ್ತಾಹವು ಜನವರಿ 25ಕ್ಕೆ ಮುಗಿಯುತ್ತದೆ, ಮರುದಿನ ಗಣರಾಜ್ಯೋತ್ಸವ, ಅದರ ಮರುದಿನ 27, ಔಶ್ವಿಟ್ಸ್ ಶಿಬಿರವು 1945ರಲ್ಲಿ ಬಿಡುಗಡೆಯಾದ ದಿನ, 2005ರಲ್ಲಿ ವಿಶ್ವಸಂಸ್ಥೆಯು ಆ ಸಂಹಾರದ ಸ್ಮರಣೆಗೆಂದು ಗೊತ್ತುಮಾಡಿದ ದಿನ. ಪಂಚಾಂಗವೇ ಹೀಗೆ ಜೋಡಿಸಿಕೊಟ್ಟ ದಿನಗಳನ್ನು ಭಾನುವಾರದ ಶಾಲೆಯವರೂ ಧರ್ಮೋಪದೇಶದ ತರಗತಿಯವರೂ ಬೇರ್ಪಡಿಸದಿರಲಿ. ಮೊದಲು ಮದರಾಸಿನ ಕಥೆಯನ್ನು, ಅನಂತರ ವಿಟ್ಟೆನ್‌ಬರ್ಗಿನ ಕಥೆಯನ್ನು ಹೇಳಿ, ಆ ಎರಡು ಸಭೆಗಳಲ್ಲಿ ಯಾರನ್ನು ಒಳಗೆ ಕರೆಯಲಾಯಿತು, ಯಾರನ್ನು ಹೊರಗೆ ಕಳುಹಿಸಲಾಯಿತು ಎಂಬ ಪ್ರಶ್ನೆಯನ್ನು ಮಕ್ಕಳ ಬಾಯಿಂದಲೇ ಕೇಳಿಸಲಿ.