ಗಾಗಲ್ಸ್ ಮಬ್ಬಾದರೆ ನರ್ಸ್‌ಗೂ ರೋಗಿಗೂ ಅಪಾಯವೇ?

2020ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಗೆ ಕೊರೊನಾ ಕಾಲಿಟ್ಟಾಗ ರಣಬಿಸಿಲು. ಮುದ್ದೇಬಿಹಾಳ, ಸಿಂದಗಿ ಕಡೆ ಉಷ್ಣಾಂಶ 40 ಡಿಗ್ರಿ ಆಸುಪಾಸಿಗೆ ಏರುವ ಕಾಲವದು. ಆ ಸೆಕೆಯಲ್ಲಿ ಮೈತುಂಬ ಪಿಪಿಇ ಕಿಟ್, ಮುಖಕ್ಕೆ ಎನ್-95 ಮಾಸ್ಕ್, ಕಣ್ಣಿಗೆ ಗಾಗಲ್ಸ್ ಧರಿಸಿ ಕೆಲಸ ಮಾಡುವುದು ನರ್ಸ್‌ಗಳಿಗೆ ಸುಲಭವಿರಲಿಲ್ಲ. ಅಷ್ಟಕ್ಕೂ ಗಾಗಲ್ಸ್ ಬೇಕೇ?

ಕಣ್ಣಿಗೆ ರಕ್ಷಣೆ ಏಕೆ?

ರೋಗಿ ಕೆಮ್ಮಿದಾಗ ಸಿಡಿಯುವ ಹನಿಗಳು ಕಣ್ಣಿಗೂ ಬೀಳಬಹುದು. ಚೆನ್ನೈನಲ್ಲಿ ಮನೆಮನೆಗೆ ಹೋಗುತ್ತಿದ್ದ 62 ಆರೋಗ್ಯ ಕಾರ್ಯಕರ್ತರಲ್ಲಿ, ಮಾಸ್ಕ್ ಮತ್ತು ಗ್ಲೌಸ್ ಇದ್ದರೂ, 12 ಮಂದಿಗೆ ಸೋಂಕು ತಗಲಿತು. ನಂತರ ಫೇಸ್ ಶೀಲ್ಡ್ ಕೊಡಲಾಯಿತು. ಕೆಲಸ ಮುಂದುವರಿಸಿದ 50 ಮಂದಿಯಲ್ಲಿ ಯಾರಿಗೂ ಸೋಂಕು ಕಾಣಲಿಲ್ಲ. ಇದು ಸಣ್ಣ ಅಧ್ಯಯನ, ಇದೊಂದೇ ಅಂತಿಮ ಸಾಕ್ಷಿಯಲ್ಲ. ಆದರೂ ಕಣ್ಣು ಮುಚ್ಚುವುದರ ಮಹತ್ವವನ್ನು ತೋರಿಸುತ್ತದೆ.

ಕನ್ನಡಕ ಇದ್ದರೆ ಸಾಕೇ?

ಸಾಲದು. ಚೀನಾದ ಒಂದು ಅಧ್ಯಯನದಲ್ಲಿ 276 ರೋಗಿಗಳ ಪೈಕಿ 16 ಮಂದಿ ಮಾತ್ರ ದಿನವಿಡೀ ಕನ್ನಡಕ ಹಾಕುವವರಾಗಿದ್ದರು. ‘ಕನ್ನಡಕ ಹಾಕಿದವರಿಗೆ ಕೊರೊನಾ ಬರಲ್ಲ’ ಎಂಬ ಮಾತಿಗೆ ಇದೇ ಆಧಾರವಾಯಿತು. ಆದರೆ ಹೋಲಿಕೆಗೆ ಬಳಸಿದ್ದು ಹಳೆಯ ಸಮೀಕ್ಷೆಯ ಅಂಕಿ. ಸಾಮಾನ್ಯ ಕನ್ನಡಕದ ಮೇಲೆ, ಕೆಳಗೆ, ಬದಿಯಲ್ಲಿ ಸಂದು ಇರುತ್ತದೆ. ಅದು ಗಾಗಲ್ಸ್‌ಗೆ ಬದಲಿಯಲ್ಲ.

ಹಾಗಾದರೆ ತೊಂದರೆ ಏನು?

ಮಾಸ್ಕ್ ಮೂಗಿನ ಬಳಿ ಸಡಿಲವಾಗಿದ್ದರೆ ಬಿಸಿ ಉಸಿರು ಮೇಲೇರಿ ಗಾಜು ಮಬ್ಬಾಗುತ್ತದೆ, ಬೆವರೂ ಸೇರಿಕೊಳ್ಳುತ್ತದೆ. ಆಗ ಸಲೈನ್ ಹಾಕಲು ನರ ಹುಡುಕುವುದು, ಔಷಧಿಯ ಚೀಟಿ ಓದುವುದು, ಸಿರಿಂಜ್‌ನ ಗೆರೆ ನೋಡುವುದು ಕಷ್ಟ. ಒರೆಸಲೆಂದು ಗ್ಲೌಸ್ ಹಾಕಿದ ಕೈ ಮುಖದತ್ತ ಹೋದರೆ ರಕ್ಷಣೆಯೇ ಸೋಂಕಿನ ದಾರಿಯಾಗಬಹುದು.

ಬಿಗಿಯಾದ ಪಟ್ಟಿಯಿಂದ ತಲೆನೋವು, ಮೂಗಿನ ಮೇಲೆ ಗಾಯವೂ ಆಗಬಹುದು. ಸಿಂಗಾಪುರದಲ್ಲಿ ಪಿಪಿಇ ಬಳಸುತ್ತಿದ್ದ 158 ಆರೋಗ್ಯ ಸಿಬ್ಬಂದಿಯನ್ನು ಕೇಳಿದಾಗ 128 ಮಂದಿ ಹೊಸದಾಗಿ ತಲೆನೋವು ಶುರುವಾಗಿದೆ ಎಂದರು. ಆದರೆ ಗಾಗಲ್ಸ್‌ನಿಂದ ದೃಷ್ಟಿ ಹಾಳಾಗುತ್ತದೆ ಎಂಬ ಭಯ ಬೇಡ, ಅದರ ಗಾಜಿಗೆ ಪವರ್ ಇರುವುದಿಲ್ಲ.

ಪರಿಹಾರವೇನು?

• ಮಾಸ್ಕ್‌ನ ಮೂಗಿನ ಪಟ್ಟಿಯನ್ನು ಮೊದಲು ಸರಿಯಾಗಿ ಒತ್ತಿ, ಆಮೇಲೆ ಗಾಗಲ್ಸ್ ಹಾಕಿ.
• ಪಟ್ಟಿಯನ್ನು ಅಗತ್ಯಕ್ಕಿಂತ ಬಿಗಿ ಮಾಡಬೇಡಿ.
• ಮಬ್ಬಾದರೆ ವಾರ್ಡಿನೊಳಗೆ ಒರೆಸಬೇಡಿ. ನಿಗದಿತ ಜಾಗಕ್ಕೆ ಹೋಗಿ, ಕೈ ಸ್ವಚ್ಛ ಮಾಡಿಕೊಂಡು, ಮುಂಭಾಗ ಮುಟ್ಟದೆ ಹಿಂದಿನ ಪಟ್ಟಿ ಹಿಡಿದು ತೆಗೆಯಿರಿ. ಮಾಸ್ಕ್ ಕೊನೆಗೆ.
• ಪಾಳಿಯ ನಡುವೆ ವಿರಾಮ, ನೀರು ಸಿಗುವಂತೆ ಸಿಬ್ಬಂದಿಯನ್ನು ಹಂಚಬೇಕು.

ಇನ್ನೊಂದು ಮಾತು. ಗಾಗಲ್ಸ್ ಮಬ್ಬಾಗದಂತಿರಬೇಕು, ಸ್ವಂತ ಕನ್ನಡಕದ ಮೇಲೂ ಕೂರಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಗಸೂಚಿಯೇ ಹೇಳಿತ್ತು. ಹಾಗಾಗಿ ‘ಕಾಣಿಸುತ್ತಿಲ್ಲ’ ಎಂದು ನರ್ಸ್ ಹೇಳಿದರೆ ಅದು ನೆಪವಲ್ಲ. ಆಕೆಯ ಕೈಯಲ್ಲಿರುವ ಸೂಜಿ ನಮ್ಮವರದೇ ತೋಳಿಗೆ ಚುಚ್ಚುವಂಥದ್ದು. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.