ಆಟದ ಟ್ಯಾಂಕಿಗೂ ಅಸಲಿ ವೇಗ

ಜಪಾನಿನ ಶಿಜುವೊಕಾದ ತಮಿಯಾ ಕಂಪನಿ 1974ರಲ್ಲಿ ತನ್ನ ಮೊದಲ ರೇಡಿಯೊ ನಿಯಂತ್ರಿತ ಮಾದರಿಯನ್ನು ಹೊರತಂದಿತು. ಅದು ಕಾರಲ್ಲ, ಅಮೆರಿಕದ ಶರ್ಮನ್ ಟ್ಯಾಂಕ್. ಗಾತ್ರ ಅಸಲಿನ ಹದಿನಾರರಲ್ಲೊಂದು ಪಾಲು.

ಇಂಥ ಮಾದರಿಗಳು ಬೆಳೆದಂತೆ ಹವ್ಯಾಸಿಗಳ ಕಣ್ಣು ಮೇಲಿನ ಫಿರಂಗಿ ಗೋಪುರದ ಮೇಲೆ ಬಿತ್ತು. ಅದು ಎಷ್ಟು ಬೇಗ ತಿರುಗಬೇಕು? ಉತ್ತರ ಎರಡನೇ ಮಹಾಯುದ್ಧದಲ್ಲಿದೆ. ಶರ್ಮನ್‌ನ ಗೋಪುರ ಸುಮಾರು 15 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸುತ್ತಿತ್ತು. ಜರ್ಮನಿಯ ಟೈಗರ್‌ ಟ್ಯಾಂಕಿಗೆ ಒಂದು ನಿಮಿಷದಷ್ಟು ಬೇಕಿತ್ತು. ಯಂತ್ರಬಲ ಕೈಕೊಟ್ಟರೆ ಗುರಿಕಾರ ಒಂದು ಸುತ್ತಿಗಾಗಿ ಕೈಚಕ್ರವನ್ನು ಸುಮಾರು 720 ಬಾರಿ ತಿರುಗಿಸಬೇಕಿತ್ತು! ಜರ್ಮನಿಯದೇ ಆದ ಆರಂಭದ ಪ್ಯಾಂಥರ್‌ ಟ್ಯಾಂಕಿನದೂ ನಿಧಾನಗತಿಯೇ; 1943ರ ಸುಧಾರಿತ ರೂಪದಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ಗೋಪುರವೂ ಚುರುಕಾಯಿತು.

ಮಾದರಿಯಲ್ಲಿ ಗೋಪುರದ ವೇಗವನ್ನು ಅಸಲಿನಷ್ಟಕ್ಕೆ ತಗ್ಗಿಸಲು ಮೋಟರಿಗೆ ರೆಸಿಸ್ಟರ್ ಜೋಡಿಸುವುದು ಸುಲಭದ ದಾರಿ. ಆದರೆ ವೇಗದ ಜೊತೆ ಬಲವೂ ಕುಗ್ಗಿ, ಭಾರದ ಲೋಹದ ಗೋಪುರ ಮುಗ್ಗರಿಸಿ ನಿಂತುಬಿಡುತ್ತದೆ. ವಿದ್ಯುತ್ತನ್ನು ತುಣುಕು ತುಣುಕಾಗಿ ಹರಿಸುವ ಎಲೆಕ್ಟ್ರಾನಿಕ್ ನಿಯಂತ್ರಕ ಬಂದ ಮೇಲೆ ರಿಮೋಟಿನ ನಿಯಂತ್ರಣ ಕಡ್ಡಿಯನ್ನು ಸರಿಸಿದಷ್ಟೇ ವೇಗ ದೊರೆಯತೊಡಗಿತು.

ಆದರೂ ಟೈಗರ್‌ನ ಆ ಗಂಭೀರ ನಿಧಾನಕ್ಕೆ ಹಲ್ಲುಚಕ್ರಗಳ ಅನುಪಾತ ಬದಲಿಸುವುದೇ ಉತ್ತಮ: ವೇಗ ಇಳಿಯುತ್ತದೆ, ಬಲ ಹೆಚ್ಚುತ್ತದೆ.